‘ಮೋಶನ್ ಸರಿ ಉಂಟಾ’ ಅಲ್ಲ, ಬಸ್ಸಲ್ಲಿ ವಾಂತಿ ಆಗ್ತದಾ ಅಂತ ಕೇಳಿ

ಮಾನ್ಯ ಸಂಪಾದಕರೇ,

ಕೇರಳದ ಗಡಿಯ ನಮ್ಮ ಪೆರ್ಲದಲ್ಲಿ ಬಸ್ಸು ಹತ್ತಿದರೆ ಬದಿಯಡ್ಕ ಮುಟ್ಟುವ ಮೊದಲೇ ನನಗೆ ಹೊಟ್ಟೆ ತೊಳಸಲು ಶುರುವಾಗುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠ, ಯಾಕೆಂದರೆ ಯಾವ ತಿರುವಿಗೆ ಮೊದಲು ಕಿಟಕಿ ಹತ್ತಿರ ಮುಖ ತರಬೇಕು ಅಂತ ಲೆಕ್ಕ ಇಟ್ಟುಕೊಂಡೇ ಕೂರಬೇಕು. ಬ್ಯಾಗಿನಲ್ಲಿ ಒಂದು ಲಿಂಬೆ, ಎರಡು ಪ್ಲಾಸ್ಟಿಕ್ ತೊಟ್ಟೆ ಯಾವಾಗಲೂ ಇರುತ್ತಿತ್ತು. ನಮ್ಮ ಲೈನಿನ ಕಂಡಕ್ಟರುಗಳಿಗೆಲ್ಲ ಗೊತ್ತಿತ್ತು, ಟೀಚರಿಗೆ ಕಿಟಕಿ ಸೀಟು ಬೇಕು ಅಂತ. ಗೊತ್ತಿಲ್ಲದೆ ಇದ್ದದ್ದು ಒಬ್ಬರಿಗೆ ಮಾತ್ರ. 2014ರಲ್ಲಿ ನನಗೆ ಪಿತ್ತಕೋಶದ ಕಲ್ಲಿನ ಆಪರೇಶನ್ ಆದಾಗ ಅನಸ್ತೇಶಿಯಾ ಕೊಟ್ಟ ಡಾಕ್ಟರಿಗೆ.

ಅವರು ಕೇಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇಳಿದರು. ಆಪರೇಶನ್‌ನ ಹಿಂದಿನ ದಿನ ಪಿ.ಎ.ಸಿ. ಅಂತ ಒಂದು ಪರೀಕ್ಷೆ ಇರುತ್ತದೆ, ಅನಸ್ತೇಶಿಯಾದವರು ಬಂದು ಬಾಯಿ ತೆರೆಸಿ ನೋಡುತ್ತಾರೆ, ಕುತ್ತಿಗೆ ಬಗ್ಗಿಸಲು ಹೇಳುತ್ತಾರೆ, ಹಲ್ಲು ಕಟ್ಟಿಸಿದ್ದೀರಾ, ಬಿ.ಪಿ. ಇದೆಯಾ, ಅಲರ್ಜಿ ಇದೆಯಾ ಅಂತ ಒಂದರ ಹಿಂದೆ ಒಂದು ಕೇಳುತ್ತಾರೆ. ಅರ್ಧ ಮಲಯಾಳ, ಅರ್ಧ ಇಂಗ್ಲಿಷ್. ಆ ಸಾಲಿನಲ್ಲಿ ‘ಮೋಶನ್ ಸಿಕ್‌ನೆಸ್ ಉಂಡೋ’ ಅಂತಲೂ ಒಂದು ಪ್ರಶ್ನೆ ಬಂತು. ನಾನು ತಕ್ಷಣ, ಇಲ್ಲ ಡಾಕ್ಟರೇ, ಮೋಶನ್ ಎಲ್ಲ ಸರಿ ಉಂಟು, ದಿನಾ ಬೆಳಿಗ್ಗೆ ಹೋಗ್ತದೆ ಅಂತ ಹೇಳಿಬಿಟ್ಟೆ. ಅವರಿಗೆ ನನ್ನ ಉತ್ತರ ಪೂರ್ತಿ ಕೇಳಿಸಿತೋ ಇಲ್ಲವೋ, ‘ಇಲ್ಲ’ ಅನ್ನುವುದು ಮಾತ್ರ ಕೇಳಿಸಿತು. ಇಲ್ಲ ಅಂತ ಬರೆದುಕೊಂಡರು. ಕೆಳಗೆ ನಾನು ಸಹಿ ಹಾಕಿದೆ.

ನಗು ಬರುತ್ತದೆ ಅಲ್ವಾ? ನನಗೂ ಈಗ ಬರುತ್ತದೆ. ಬಿ.ಎಡ್. ಮಾಡಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ನಮ್ಮಲ್ಲಿ ಮೋಶನ್ ಅಂದರೆ ಒಂದೇ ಅರ್ಥ. ಲೂಸ್ ಮೋಶನ್ ಅಂತ ಕೇಳಿಯೇ ಬೆಳೆದವರು. ಬಸ್ಸಿನ ವಾಂತಿಗೆ ಇಂಗ್ಲಿಷಿನಲ್ಲಿ ಆ ಹೆಸರು ಇದೆ ಅಂತ ನನಗೆ ಗೊತ್ತಾದದ್ದು ಆಪರೇಶನ್ ಆಗಿ ಎಷ್ಟೋ ಸಮಯದ ನಂತರ, ಮಗಳು ನರ್ಸಿಂಗ್‌ಗೆ ಸೇರಿದ ಮೇಲೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಹೊಟ್ಟೆಗೆ ನಾಲ್ಕು ಸಣ್ಣ ತೂತು, ಅಷ್ಟೇ. ಮರುದಿನ ಮನೆಗೆ ಹೋಗಬಹುದು ಅಂತ ಹೇಳಿದ್ದರು. ಆದರೆ ಎಚ್ಚರ ಬಂದ ಕ್ಷಣದಿಂದ ಶುರುವಾಯಿತು ನೋಡಿ. ಕಣ್ಣು ತೆರೆದರೆ ಸೀಲಿಂಗ್ ತಿರುಗುತ್ತದೆ. ಟ್ರಾಲಿಯನ್ನು ವಾರ್ಡಿನ ತಿರುವಿನಲ್ಲಿ ರಪ್ಪನೆ ತಿರುಗಿಸಿದಾಗ ಅಡ್ಕಸ್ಥಳದ ಇಳಿಜಾರಿನಲ್ಲಿ ಬಸ್ಸು ಹೋದ ಹಾಗೇ ಆಯಿತು. ಹೊಟ್ಟೆಯಲ್ಲಿ ಏನೂ ಇಲ್ಲ, ಆದರೂ ಓಕರಿಕೆ. ಹಳದಿ ಪಿತ್ತ, ಆಮೇಲೆ ಬರೀ ನೀರು, ಆಮೇಲೆ ಅದೂ ಇಲ್ಲ. ಒಂದೊಂದು ಸಲ ಓಕರಿಸುವಾಗಲೂ ಹೊಲಿಗೆ ಹಾಕಿದ ಕಡೆ ಚಾಕು ಹಾಕಿ ತಿರುವಿದ ಹಾಗೆ ನೋವು. ನೋವು ಅಂತ ಹೇಳಿದರೆ ಇಂಜೆಕ್ಷನ್ ಕೊಡುತ್ತಾರೆ, ಇಂಜೆಕ್ಷನ್ ಕೊಟ್ಟ ಮೇಲೆ ವಾಂತಿ ಇನ್ನೂ ಜಾಸ್ತಿ. ನನ್ನ ಬೈಸ್ಟ್ಯಾಂಡರ್, ಅಂದರೆ ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಜೊತೆಗೆ ನಿಂತವಳು, ನಾದಿನಿ. ಅವಳು ಲೆಕ್ಕ ಇಟ್ಟಿದ್ದಾಳೆ, ರಾತ್ರಿಯೊಳಗೆ 11 ಸಲ. ಮೂರು ಹೆತ್ತವಳು ನಾನು, ಆದರೂ ಹೇಳುತ್ತೇನೆ, ಹೆರಿಗೆ ನೋವು ಬೇಕು, ಇದು ಬೇಡ.

ಇದು ನನ್ನೊಬ್ಬಳ ನಾಜೂಕುತನ ಅಂತ ಆಗ ಅಂದುಕೊಂಡಿದ್ದೆ. ನರ್ಸ್ ಕೂಡ, ಅನಸ್ತೇಶಿಯಾ ಕೊಟ್ಟರೆ ಹೀಗೆಲ್ಲ ಆಗ್ತದೆ ಅಮ್ಮ, ನಾಳೆಗೆ ಸರಿಯಾಗ್ತದೆ ಅಂತ ಸಮಾಧಾನ ಹೇಳಿದಳು. ಪಾಪದ ಹುಡುಗಿ, ಅವಳ ತಪ್ಪೇನಿಲ್ಲ. ಆದರೆ ಅಮೆರಿಕದಲ್ಲಿ 1999ರಲ್ಲಿ ಆಪರೇಶನ್‌ಗೆ ಬಂದವರನ್ನೇ ಕೂರಿಸಿ, ಎದ್ದ ಮೇಲೆ ಯಾವ ತೊಂದರೆ ಆಗಲೇಬಾರದು ಅಂತ ನಿಮಗೆ ಅನಿಸುತ್ತದೆ ಅಂತ ಕೇಳಿದ್ದರಂತೆ. ಎಲ್ಲಕ್ಕಿಂತ ಮೊದಲು ಅವರು ಬೇಡ ಅಂದದ್ದು ವಾಂತಿಯನ್ನು. ನೋವು ಕೂಡ ಅದರ ನಂತರ. ಮಗಳು ಇದನ್ನು ಓದಿ ಹೇಳಿದಾಗ, ಓಹೋ ನಾನು ಒಬ್ಬಳೇ ಅಲ್ಲ ಅಂತ ಒಂಥರಾ ಸಮಾಧಾನವಾಯಿತು.

ಎರಡನೇ ಕಥೆ 2023ರದ್ದು. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು ಅಂದರು. ನಾನು ಹೆದರಿದ್ದು ಗಡ್ಡೆಗೆ ಅಲ್ಲ, ವಾಂತಿಗೆ. ಆರು ತಿಂಗಳು ಏನೇನೋ ನೆವ ಹೇಳಿ ಮುಂದೆ ಹಾಕಿದೆ, ಕೊನೆಗೆ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದ ಮೇಲೆ ಮಂಗಳೂರಿಗೆ ಹೋದದ್ದು. ಅಲ್ಲಿ ಅನಸ್ತೇಶಿಯಾದ ಡಾಕ್ಟರು ಒಬ್ಬ ಸಣ್ಣ ಪ್ರಾಯದ ಹೆಂಗಸು. ಫೈಲ್ ಮುಚ್ಚಿಟ್ಟು, ಟೀಚರ್, ಬಸ್ಸಲ್ಲಿ ಹೋಗುವಾಗ ನಿಮಗೆ ವಾಂತಿ ಬರ್ತದಾ ಅಂತ ಕೇಳಿದರು. ಅಷ್ಟೇ ಪ್ರಶ್ನೆ! ನಾನು ಸಂಪಾಜೆ ಘಾಟಿಯಿಂದ ಹಿಡಿದು ಎಲ್ಲ ಹೇಳಿದೆ. ಹಿಂದಿನ ಆಪರೇಶನ್‌ನ 11 ಸಲದ ಲೆಕ್ಕವನ್ನೂ ಹೇಳಿದೆ. ಅವರು ನಕ್ಕು, ನೀವು ನಾಲ್ಕಕ್ಕೆ ನಾಲ್ಕು ಮಾರ್ಕು ಟೀಚರ್ ಅಂದರು.

ಏನದು ನಾಲ್ಕು ಮಾರ್ಕು? ಕ್ರಿಶ್ಚಿಯನ್ ಆಪ್ಫೆಲ್ ಎಂಬ ಜರ್ಮನಿಯ ವೈದ್ಯರು ಮತ್ತು ಅವರ ಜೊತೆಗಾರರು ಜರ್ಮನಿ, ಫಿನ್ಲೆಂಡ್ ಆಸ್ಪತ್ರೆಗಳ ರೋಗಿಗಳನ್ನು ನೋಡಿ 1999ರಲ್ಲಿ ಒಂದು ಸುಲಭದ ಲೆಕ್ಕ ಮಾಡಿದರು. ಹೆಂಗಸಾದರೆ ಒಂದು ಮಾರ್ಕು. ಬೀಡಿ ಸಿಗರೇಟು ಸೇದದವರಿಗೆ ಒಂದು. ಬಸ್ಸಲ್ಲಿ ಹೋಗುವಾಗ ವಾಂತಿ ಬರುವವರಿಗೆ ಅಥವಾ ಹಿಂದಿನ ಆಪರೇಶನ್‌ನಲ್ಲಿ ವಾಂತಿ ಆದವರಿಗೆ ಒಂದು. ಆಪರೇಶನ್ ಆದ ಮೇಲೆ ನೋವಿಗೆ ಮಾರ್ಫಿನ್ ಜಾತಿಯ ಔಷಧ ಬೇಕಾಗುವುದಾದರೆ ಇನ್ನೊಂದು. ಒಂದೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ವಾಂತಿಯೋ ಓಕರಿಕೆಯೋ ಆಗುತ್ತದೆ. ಒಂದಿದ್ದರೆ 20, ಎರಡಿದ್ದರೆ 40, ಮೂರಿದ್ದರೆ 60, ನಾಲ್ಕೂ ಇದ್ದರೆ ನೂರರಲ್ಲಿ 80. ರಕ್ತ ಪರೀಕ್ಷೆ ಬೇಡ, ಸ್ಕ್ಯಾನಿಂಗ್ ಬೇಡ. ಎರಡು ಪ್ರಶ್ನೆ ಕೇಳಿದರೆ ಮುಗಿಯಿತು, ಉಳಿದದ್ದು ಡಾಕ್ಟರಿಗೆ ನೋಡಿದರೇ ಗೊತ್ತಾಗುತ್ತದೆ.

ಬೀಡಿ ಸೇದದವರಿಗೆ ವಾಂತಿ ಜಾಸ್ತಿ ಅಂತ ಕೇಳಿ ನಮ್ಮ ಯಜಮಾನರಿಗೆ ಬಹಳ ಖುಷಿಯಾಯಿತು. ನೋಡು, ಇಷ್ಟು ವರ್ಷ ನೀನು ಬೈದದ್ದು ದಂಡ ಅಂದರು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದು, ಆದರೆ ಈ ರಿಯಾಯಿತಿ ಕಟ್ಟುವವರಿಗಲ್ಲ, ಎಳೆಯುವವರಿಗೆ! ಹಾಗಂತ ಆಪರೇಶನ್ ಇದೆ ಅಂತ ಯಾರೂ ಹೋಗಿ ಬೀಡಿ ಹಚ್ಚಬೇಡಿ. ಸೇದುವವರಿಗೆ ಗಾಯ ಒಣಗುವುದು ತಡ, ಆಪರೇಶನ್ ನಂತರ ಶ್ವಾಸದ ತೊಂದರೆಯೂ ಜಾಸ್ತಿ. ಯಜಮಾನರಿಗೆ ಅದನ್ನೂ ಓದಿ ಹೇಳಿದೆ. ಆಗ ಪೇಪರ್ ಎತ್ತಿಕೊಂಡರು.

ಈಗ ಗಣಿತಕ್ಕೆ ಬರುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಇದೇ ಆಪ್ಫೆಲ್ ತಂಡ 2004ರಲ್ಲಿ 5 ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಹೊರತಂದಿತು. ವಾಂತಿ ತಡೆಯುವ ಮೂರು ಬೇರೆ ಬೇರೆ ಔಷಧಗಳನ್ನು ನೋಡಿದರು. ಒಂಡಾನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಡ್ರೊಪೆರಿಡಾಲ್. ಮೂರರಲ್ಲಿ ಯಾವುದನ್ನು ಕೊಟ್ಟರೂ ವಾಂತಿಯ ಸಾಧ್ಯತೆ ಸುಮಾರು ಕಾಲುಭಾಗ, ಸರಿಯಾಗಿ ಹೇಳಬೇಕಾದರೆ ಶೇಕಡಾ 26ರಷ್ಟು ಇಳಿಯಿತು. ಒಂದರ ಮೇಲೆ ಇನ್ನೊಂದು ಕೊಟ್ಟರೆ ಉಳಿದದ್ದರಲ್ಲಿ ಮತ್ತೆ 26. ಪ್ರಜ್ಞೆ ತಪ್ಪಿಸಲು ಉಸಿರಿನಲ್ಲಿ ಕೊಡುವ ಗ್ಯಾಸಿನ ಬದಲು ಪ್ರೊಪೊಫಾಲ್ ಎಂಬ ಔಷಧವನ್ನೇ ನರದಲ್ಲಿ ಬಿಡುತ್ತಾ ನಿದ್ದೆ ಬರಿಸಿದರೆ ಶೇಕಡಾ 19 ಇಳಿಯಿತು. ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಅದನ್ನು ಬಿಟ್ಟರೆ 12.

ನನ್ನಂಥ ನಾಲ್ಕು ಮಾರ್ಕಿನವಳನ್ನು ತೆಗೆದುಕೊಳ್ಳಿ. ನೂರು ಜನರಲ್ಲಿ 80 ಮಂದಿಗೆ ವಾಂತಿ. ಒಂದು ಔಷಧ ಕೊಟ್ಟರೆ 59ಕ್ಕೆ ಬರುತ್ತದೆ. ಎರಡು ಕೊಟ್ಟರೆ 44. ಮೂರು ಕೊಟ್ಟರೆ 32. ಅದರ ಮೇಲೆ ಗ್ಯಾಸು ಬಿಟ್ಟು ಪ್ರೊಪೊಫಾಲ್ ಆದರೆ 26. ಅಂದರೆ ನೂರರಲ್ಲಿ 54 ಮಂದಿ ಆ ಯಮಯಾತನೆಯಿಂದ ಪಾರು. ಈಗ ಒಂದು ಮಾರ್ಕೂ ಇಲ್ಲದ ಒಬ್ಬ ಬೀಡಿ ಸೇದುವ ಗಂಡಸನ್ನು ತೆಗೆದುಕೊಳ್ಳಿ. ನೂರಕ್ಕೆ 10 ಇದ್ದದ್ದು ಒಂದು ಔಷಧದಿಂದ ಏಳೂವರೆಯ ಹತ್ತಿರ ಬರುತ್ತದೆ, ಅಷ್ಟೇ. ನೂರು ಜನರಿಗೆ ಕೊಟ್ಟು ಮೂರು ಜನರಿಗೂ ಪ್ರಯೋಜನ ಇಲ್ಲ. ಎಲ್ಲರಿಗೂ ಎಲ್ಲ ಔಷಧ ಸುರಿಯುವುದು ದಡ್ಡತನ, ಎಲ್ಲರಿಗೂ ಒಂದೇ ಒಂದು ಕೊಟ್ಟು ಕೈತೊಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ದಡ್ಡತನ. ಯಾರಿಗೆ ಎಷ್ಟು ಅಂತ ಗೊತ್ತಾಗಬೇಕಾದರೆ ಮೊದಲು ಕೇಳಬೇಕು. ಕೇಳುವುದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಆಗಬೇಕು. ನನ್ನ ತಕರಾರು ಇರುವುದು ಇಷ್ಟೇ, ಉಳಿದದ್ದೆಲ್ಲ ಮಗಳ ಪುಸ್ತಕದಲ್ಲಿ ಇದ್ದದ್ದು.

2020ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದೆಯಂತೆ. ದೊಡ್ಡವರಲ್ಲಿ ಒಂದೋ ಎರಡೋ ಅಪಾಯದ ಅಂಶ ಇದ್ದರೆ ಎರಡು ಬಗೆಯ ತಡೆ, ಅದಕ್ಕಿಂತ ಜಾಸ್ತಿ ಇದ್ದರೆ ಮೂರೋ ನಾಲ್ಕೋ. ಬಗೆ ಅನ್ನುವ ಮಾತನ್ನು ಗಮನಿಸಿ. ಒಂದೇ ಔಷಧವನ್ನು ಎರಡು ಸಲ ಕೊಟ್ಟರೆ ಎರಡು ಬಗೆ ಆಗುವುದಿಲ್ಲ. ಮೆದುಳಿನಲ್ಲಿ ವಾಂತಿ ಮಾಡಿಸುವ ಜಾಗಕ್ಕೆ ಸುದ್ದಿ ಹೋಗಲು ಬೇರೆ ಬೇರೆ ದಾರಿ ಉಂಟು. ರಕ್ತದಲ್ಲಿ ಓಡಾಡುವ ಔಷಧವನ್ನು ಮೂಸಿ ನೋಡುವ ಒಂದು ಜಾಗ ಮೆದುಳಿನಲ್ಲೇ ಇದೆ. ಕರುಳಿನಿಂದ ಒಂದು ದಾರಿ. ಕಿವಿಯ ಒಳಗಿನ, ಮೈಯ ಸಮತೋಲ ತಪ್ಪದ ಹಾಗೆ ನೋಡಿಕೊಳ್ಳುವ ಭಾಗದಿಂದ ಇನ್ನೊಂದು. ಬಸ್ಸಿನ ವಾಂತಿ ಬರುವುದು ಈ ಕಿವಿಯ ದಾರಿಯಿಂದ. ಮಾರ್ಫಿನ್ ಜಾತಿಯ ಔಷಧ ಈ ಕಿವಿಯ ಭಾಗವನ್ನೂ ಕೆರಳಿಸುತ್ತದೆ, ಅದಕ್ಕೇ ಟ್ರಾಲಿ ತಿರುಗಿಸಿದರೂ ಸಾಕು, ಬದಿಯಡ್ಕದ ಬಸ್ಸು. ಒಂದು ದಾರಿಗೆ ಗೇಟು ಹಾಕಿದರೆ ಇನ್ನೊಂದರಲ್ಲಿ ಬರುತ್ತದೆ. ಅದಕ್ಕೇ ಬೇರೆ ಬೇರೆ ಬಗೆ ಬೇಕು. 2014ರಲ್ಲಿ ನನಗೆ ರಾತ್ರಿಯಿಡೀ ಅದೇ ಒಂದು ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟದ್ದು ಡಿಸ್ಚಾರ್ಜ್ ಕಾಗದದಲ್ಲಿ ಈಗಲೂ ಇದೆ. ಮೊದಲೇ ಕೊಟ್ಟ ಔಷಧ ಕೆಲಸ ಮಾಡದೆ ಆರು ಗಂಟೆಯೊಳಗೆ ವಾಂತಿ ಬಂದರೆ ಬೇರೆ ಬಗೆಯದ್ದು ಕೊಡಬೇಕು ಅಂತ ಪುಸ್ತಕದಲ್ಲಿ ಓದಿದಾಗ ಮಗಳು ಆ ಕಾಗದ ತೆಗೆದು ನೋಡಿ ಸುಮ್ಮನೆ ಕೂತಳು.

2023ರಲ್ಲಿ ಏನು ಮಾಡಿದರು ಅಂತ ಹೇಳುತ್ತೇನೆ. ಆ ಡಾಕ್ಟರು ನನಗೆ ಗ್ಯಾಸು ಕೊಡುವುದಿಲ್ಲ ಅಂದರು. ಎಚ್ಚರ ಆದ ಮೊದಲ ಒಂದೆರಡು ಗಂಟೆಯ ವಾಂತಿಗೆ ದೊಡ್ಡ ಕಾರಣ ಆ ಗ್ಯಾಸುಗಳೇ ಅಂತೆ. ಹಾಲಿನಂತೆ ಬೆಳ್ಳಗಿನ ಔಷಧ ಕೈಯ ನರಕ್ಕೆ ಹೋಯಿತು, ಹೋಗುವಾಗ ಸ್ವಲ್ಪ ಉರಿ, ಮತ್ತೆ ಏನೂ ನೆನಪಿಲ್ಲ. ಪಂಪಿನಲ್ಲಿ ಆಪರೇಶನ್ ಮುಗಿಯುವವರೆಗೂ ಅದನ್ನೇ ಬಿಡುತ್ತಾ ಇದ್ದರಂತೆ. ನಿದ್ದೆ ಬರಿಸಿದ ಕೂಡಲೇ ಡೆಕ್ಸಾಮೆಥಸೋನ್, ಮುಗಿಯುವ ಹೊತ್ತಿಗೆ ಒಂಡಾನ್‌ಸೆಟ್ರಾನ್ 4 ಮಿಲಿಗ್ರಾಂ. ಡೆಕ್ಸಾ ಅನ್ನುವುದು ಸ್ಟೀರಾಯ್ಡ್, ಹೆಸರು ಕೇಳಿ ಹೆದರುವವರು ನಮ್ಮಲ್ಲಿ ಜಾಸ್ತಿ. ಒಂದೇ ಒಂದು ಡೋಸು, ಅದು ಬೇರೆ ಮಾತು. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರುತ್ತದೆ, ಮೊದಲೇ ಹೇಳಬೇಕು. ಒಂಡಾನ್‌ಸೆಟ್ರಾನ್‌ನಿಂದ ಕೆಲವರಿಗೆ ತಲೆನೋವು, ಮಲಬದ್ಧತೆ. ಹೃದಯದ ಬಡಿತದ ತೊಂದರೆ ಇದ್ದವರು ಅದನ್ನೂ ಹೇಳಿಬಿಡಿ. ಡಾಕ್ಟರು ನೋಡಿಕೊಳ್ಳುತ್ತಾರೆ.

ನೋವಿಗೆ ಮಾತ್ರ ನನಗೆ ಅನುಮಾನ ಇತ್ತು. ಮಾರ್ಫಿನ್ ಕಡಿಮೆ ಮಾಡುತ್ತೇವೆ ಅಂದಾಗ, ಹಾಗಾದರೆ ನೋವು ತಿಂದುಕೊಂಡು ಮಲಗಬೇಕಾ ಅಂತ ಕೇಳಿದೆ. ಹಾಗಲ್ಲ. ಪ್ಯಾರಾಸಿಟಮಾಲ್ ಡ್ರಿಪ್ಪಿನಲ್ಲಿ ಹಾಕಿದರು, ಬೇರೆ ನೋವಿನ ಔಷಧ ಸೇರಿಸಿದರು, ಹೊಟ್ಟೆಯ ಗೋಡೆಗೆ ಮರಗಟ್ಟಿಸುವ ಇಂಜೆಕ್ಷನ್ ಒಂದು ಕೊಟ್ಟರು. ಇವೆಲ್ಲ ಕೊಟ್ಟ ಮೇಲೂ ತಡೆಯಲಾಗದಿದ್ದರೆ ಮಾತ್ರ ಮಾರ್ಫಿನ್ ಕಡೆಯದ್ದು, ಅದೂ ಸ್ವಲ್ಪ. ಕೆಲವು ಆಪರೇಶನ್‌ಗಳನ್ನು ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲೇ ಮಾಡಬಹುದು, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಆಗ ವಾಂತಿ ಕಡಿಮೆ. ಎಲ್ಲದಕ್ಕೂ ಆಗುವುದಿಲ್ಲ, ಕೇಳಿ ನೋಡುವುದರಲ್ಲಿ ತಪ್ಪೇನು?

ಎಚ್ಚರವಾದಾಗ ನಾನು ಕಣ್ಣು ತೆರೆಯಲೇ ಇಲ್ಲ, ಹೆದರಿಕೆ. ನಾದಿನಿ ತೊಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಸ್ವಲ್ಪ ಹೊಟ್ಟೆ ತೊಳಸಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಸಂಜೆ ಒಂದು ಸಲ ಜಾಸ್ತಿ ಆದಾಗ ನರ್ಸು ಸ್ಪಿರಿಟ್ ಹಾಕಿದ ಹತ್ತಿಯನ್ನು ಮೂಗಿನ ಹತ್ತಿರ ಹಿಡಿದು, ನಿಧಾನ ಉಸಿರು ಎಳೆಯಿರಿ ಅಂದಳು. ಇಂಜೆಕ್ಷನ್‌ಗೆ ಮೊದಲು ಉಜ್ಜುತ್ತಾರಲ್ಲ, ಅದೇ ಹತ್ತಿ. ಒಳ್ಳೆಯ ಉಪಾಯ, ಕಡಿಮೆಯಾಯಿತು. ವಾಂತಿ? ಒಂದು ಸಲವೂ ಇಲ್ಲ. ಮರುದಿನ ಬೆಳಿಗ್ಗೆ ಗಂಜಿ ಉಂಡೆ, ಉಪ್ಪಿನಕಾಯಿ ಕೇಳಿ ಬೈಸಿಕೊಂಡೆ.

ಒಂದು ವಿಷಯ ಮರೆತಿದ್ದೆ. ವಾಂತಿ ಬೇರೆ, ಓಕರಿಕೆ ಬೇರೆ. ನರ್ಸ್ ಬಂದು ‘ಛರ್ದಿಚ್ಚೊ’ ಅಂತ ಕೇಳುತ್ತಾಳೆ, ವಾಂತಿ ಮಾಡಿದಿರಾ ಅಂತ. ಇಲ್ಲ ಅಂತ ಹೇಳಿದರೆ ಹೋಗುತ್ತಾಳೆ. ಆದರೆ ಹೊಟ್ಟೆ ತೊಳಸಿ ತೊಳಸಿ, ಬಾಯಲ್ಲಿ ನೀರು ಊರಿ, ಕಣ್ಣು ತೆರೆಯಲಾಗದೆ ಮಲಗಿದವಳ ಕಥೆ ಆ ‘ಇಲ್ಲ’ದಲ್ಲಿ ಬರುವುದಿಲ್ಲ. ಮಲಯಾಳದಲ್ಲಿ ಅದಕ್ಕೆ ‘ಓಕ್ಕಾನಂ’ ಅನ್ನುತ್ತಾರೆ, ನಮ್ಮ ಓಕರಿಕೆಯ ದಾಯಾದಿ. ಆಪರೇಶನ್‌ಗೆ ಹೋಗುವ ಪ್ರತಿಯೊಬ್ಬ ಕನ್ನಡಿತಿಗೂ ಈ ಒಂದು ಪದವಾದರೂ ಗೊತ್ತಿರಲಿ, ಬೇರೆ ಮಲಯಾಳ ಬಾರದಿದ್ದರೂ ಪರವಾಗಿಲ್ಲ.

ಊಟದ ಬಗ್ಗೆ ನಮ್ಮವರ ಹಟ ಒಂದಿದೆ. ಒಂದು ಕಡೆ, ರಾತ್ರಿ 12ರ ನಂತರ ಒಂದು ತೊಟ್ಟು ನೀರೂ ಕುಡಿಯಬಾರದು ಅಂತ ಮಧ್ಯಾಹ್ನ ಎರಡು ಗಂಟೆಯ ಆಪರೇಶನ್‌ವರೆಗೂ ಬಾಯಿ ಒಣಗಿಸಿ ಕೂರಿಸುವುದು. ಗಟ್ಟಿ ಆಹಾರಕ್ಕೆ ಆರು ಗಂಟೆ, ಎಣ್ಣೆ ಜಿಡ್ಡಿನದ್ದಾದರೆ ಎಂಟು ಗಂಟೆ ಬಿಡಬೇಕು, ಆದರೆ ಬರೀ ನೀರು, ಹಾಲು ಹಾಕದ ಕಟ್ಟನ್ ಚಾಯ ಇಂಥದ್ದನ್ನು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಮೈಯಲ್ಲಿ ನೀರು ಬತ್ತಿದರೆ ಓಕರಿಕೆ ಜಾಸ್ತಿಯೇ ಆಗುತ್ತದೆ. ನಿಮ್ಮ ಡಾಕ್ಟರು ಏನು ಹೇಳುತ್ತಾರೋ ಅದೇ ಕೊನೆ ಮಾತು, ಆದರೆ ನೀರು ಎಷ್ಟು ಗಂಟೆಯವರೆಗೆ ಅಂತ ಬಾಯಿ ಬಿಟ್ಟು ಕೇಳಿ. ಇನ್ನೊಂದು ಕಡೆ, ಪಾಪ ಹಸಿದಿದ್ದಾಳೆ ಅಂತ ಕದ್ದು ಎರಡು ಇಡ್ಲಿ ತಿನ್ನಿಸುವ ಅತ್ತೆಯರು, ಗಂಜಿತಿಳಿ ನೀರೇ ಅಲ್ವಾ ಅಂತ ಕುಡಿಸುವ ಅಜ್ಜಿಯರು. ಗಂಜಿತಿಳಿ ನೀರಲ್ಲ ಮಾರಾಯ್ರೆ. ಹೊಟ್ಟೆಯಲ್ಲಿ ಇದ್ದದ್ದು ಪ್ರಜ್ಞೆ ಇಲ್ಲದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ತಿಂದಿದ್ದರೆ ನಾಚಿಕೆ ಬಿಟ್ಟು ಹೇಳಿಬಿಡಿ, ಹೆಚ್ಚೆಂದರೆ ಆಪರೇಶನ್ ಮುಂದೆ ಹೋಗುತ್ತದೆ.

ಶುಂಠಿ ರಸ ಕೊಡಿ ಅಂತ ಹೇಳುವವರು ಬಹಳ ಇದ್ದಾರೆ. ಬಸ್ಸಿಗೆ ನಾನೂ ಶುಂಠಿ ಜಗಿದವಳೇ. ಆಪರೇಶನ್ ವಾಂತಿಗೆ ಅದು ಕೆಲಸ ಮಾಡುತ್ತದೆ ಅಂತಲೂ ಇಲ್ಲ ಅಂತಲೂ ಎರಡೂ ಬಗೆಯ ಫಲಿತಾಂಶ ಬಂದಿದೆ. ಹಾಗಿರುವಾಗ ಡಾಕ್ಟರು ಬಾಯಿಗೆ ಕೊಡಬಹುದು ಅನ್ನುವ ಮೊದಲು ಏನನ್ನೂ ಕೊಡದಿರುವುದೇ ಒಳ್ಳೆಯದು. ಬೇಕಾದರೆ ಬೈಸ್ಟ್ಯಾಂಡರ್ ಮಾಡಬಹುದಾದ ಕೆಲಸ ಒಂದಿದೆ. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಡ್ಡ ಇಟ್ಟು, ಅಲ್ಲಿ ಎರಡು ನರದ ಹಗ್ಗದ ಹಾಗೆ ಕೈಗೆ ಸಿಗುತ್ತದಲ್ಲ, ಅದರ ನಡುವೆ ಹೆಬ್ಬೆರಳಿನಿಂದ ಒತ್ತುವುದು. ಚೀನಾದವರ ಹಳೆಯ ಕ್ರಮ, ನಂಬಿಕೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಆದರೆ ಪರೀಕ್ಷೆ ಮಾಡಿ ನೋಡಿದವರು ಪ್ರಯೋಜನ ಇದೆ ಅಂತಲೇ ಹೇಳಿದ್ದಾರೆ. ಖರ್ಚಿಲ್ಲ, ಕೈಗೆ ಕೆಲಸವೂ ಆಯಿತು. ಸುಮ್ನೆ ಮೊಬೈಲ್ ನೋಡುತ್ತಾ ಕೂರುವುದಕ್ಕಿಂತ ಒಳ್ಳೆಯದು.

ಮಕ್ಕಳ ಬಗ್ಗೆ ಒಂದೇ ಮಾತು. ಮೂರು ವರ್ಷ ದಾಟಿದ ಮಕ್ಕಳಿಗೆ ಮೆಳ್ಳೆಗಣ್ಣು, ಟಾನ್ಸಿಲ್ ಇಂಥ ಆಪರೇಶನ್ ಆದಾಗ ವಾಂತಿ ಸಾಧ್ಯತೆ ಜಾಸ್ತಿ. ಅಪ್ಪ ಅಮ್ಮನಿಗೋ ಅಣ್ಣ ಅಕ್ಕನಿಗೋ ಆಪರೇಶನ್ ಆದಾಗ ವಾಂತಿ ಆಗಿತ್ತಾದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಇನ್ನು ಗಡಿಯ ನಮ್ಮವರಿಗೇ ಇರುವ ಒಂದು ಕಷ್ಟ. ದೊಡ್ಡ ಆಪರೇಶನ್ ಅಂದರೆ ನಾವು ಹೋಗುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೊರೊನಾ ಶುರುವಾದಾಗ, ಕರ್ನಾಟಕದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ನಾವು ಎಷ್ಟು ಮಂಗಳೂರನ್ನೇ ನಂಬಿದ್ದೇವೆ ಅಂತ ಎಲ್ಲರಿಗೂ ಗೊತ್ತಾಯಿತು, ಮರೆಯುವ ಸಂಗತಿ ಅಲ್ಲ ಅದು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ನಮ್ಮ ಮನೆ ಬಾಗಿಲಲ್ಲೇ ಉಂಟು, ಅದು ಪೂರ್ತಿ ಬೆಳೆದು ನಿಂತರೆ ಈ ಓಡಾಟ ಇಷ್ಟು ಇರುವುದಿಲ್ಲ, ಆದರೆ ಆ ವಿಷಯ ಎತ್ತಿದರೆ ಇನ್ನೊಂದು ಪತ್ರವೇ ಆಗುತ್ತದೆ. ಡಿಸ್ಚಾರ್ಜ್ ಆದ ದಿನ ಅಲ್ಲಿಂದ ಮನೆಗೆ ಬರುವುದು ಹೇಗೆ? ಅದೇ ತಿರುವು, ಅದೇ ಹೊಂಡ. ಈಗ ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಶನ್‌ಗಳೂ ಜಾಸ್ತಿಯಾಗಿವೆ. ಆಸ್ಪತ್ರೆಯಲ್ಲಿ ಇಲ್ಲದ ವಾಂತಿ ತೊಕ್ಕೊಟ್ಟು ದಾಟುವಾಗ ಶುರುವಾಗುತ್ತದೆ. ಡಾಕ್ಟರಿಗೆ ಅದು ಗೊತ್ತೇ ಆಗುವುದಿಲ್ಲ, ಅವರ ಫೈಲಿನಲ್ಲಿ ನಾವು ನಗುತ್ತಾ ಮನೆಗೆ ಹೋದವರು. ಹಾಗಾಗಿ ಹೊರಡುವ ಮೊದಲು, ದಾರಿ ಇಷ್ಟು ದೂರ, ತಿರುವು ಇಷ್ಟು ಅಂತ ಹೇಳಿ. ನಾಲಗೆ ಮೇಲೆ ಇಟ್ಟರೆ ಕರಗುವ ಒಂಡಾನ್‌ಸೆಟ್ರಾನ್ ಮಾತ್ರೆ ಸಿಗುತ್ತದೆ, ನುಂಗಲು ನೀರು ಬೇಡ, ನನಗೆ ಬರೆದು ಕೊಡಬಹುದಾ ಅಂತ ಕೇಳಿ. ನನಗೆ ಬರೆದು ಕೊಟ್ಟರು. ಮುಂದಿನ ಸೀಟು, ಎ.ಸಿ. ಬೇಡ ಕಿಟಕಿ ಸಾಕು, ಡ್ರೈವರಿಗೆ ನಿಧಾನ ಅಂತ ಹೇಳಿ ಹೊರಟೆವು.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ವಾಂತಿ ಆಗಿಯೇ ಆಗುತ್ತದೆ. ನೂರರಲ್ಲಿ ಆ 26 ಮಂದಿ ಸುಳ್ಳಲ್ಲ. 1846ರಲ್ಲಿ ಬೋಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಶನ್ ಮಾಡಿ ತೋರಿಸಿದ ಮೇಲೆ ಬಹಳ ಕಾಲ ಎಚ್ಚರವಾದವರಲ್ಲಿ ಹೆಚ್ಚಿನವರೂ ವಾಂತಿ ಮಾಡಿಕೊಂಡೇ ಏಳುತ್ತಿದ್ದರಂತೆ, ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿ ಅಲ್ಲ. ನನ್ನ ಸಿಟ್ಟು ಯಾವ ಡಾಕ್ಟರ ಮೇಲೂ ಇಲ್ಲ. 2014ರಲ್ಲಿ ನನ್ನನ್ನು ಪ್ರಶ್ನೆ ಕೇಳಿದವರು ಕೇಳಬೇಕಾದದ್ದನ್ನೇ ಕೇಳಿದರು. ಪ್ರಶ್ನೆ ದಾಟಲಿಲ್ಲ, ಅಷ್ಟೇ.

ದಾಟಿಸುವುದು ಕಷ್ಟದ ಕೆಲಸವೂ ಅಲ್ಲ. ಕನ್ನಡ ಮಾತಾಡುವ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು ಅಂತ ಕೇರಳದ 1969ರ ಆಡಳಿತ ಭಾಷೆಯ ಕಾನೂನಿನಲ್ಲೇ ಇದೆ. ಕಂದಾಯದ ಅರ್ಜಿಗೆ ಕನ್ನಡ ಬೇಕು ಅಂತ ನಾವು ಜಗಳ ಮಾಡುತ್ತೇವೆ, ಬೋರ್ಡಿಗೆ ಕನ್ನಡ ಬೇಕು ಅಂತ ಮೆರವಣಿಗೆ ಮಾಡುತ್ತೇವೆ, ಮಾಡಬೇಕು ಕೂಡ. ಆದರೆ ಪ್ರಜ್ಞೆ ತಪ್ಪಿಸುವ ಮೊದಲು ಸಹಿ ಹಾಕಿಸುವ ಕಾಗದದಲ್ಲಿ ಕನ್ನಡ ಬೇಕು ಅಂತ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಪೂರ್ತಿ ಕಾಗದ ಆಗದಿದ್ದರೆ ಬೇಡ. ಎರಡು ಸಾಲು ಸಾಕು. ‘ಬಸ್ಸಿನಲ್ಲಿ, ಕಾರಿನಲ್ಲಿ ಹೋಗುವಾಗ ವಾಂತಿ ಬರುತ್ತದಾ? ಹಿಂದೆ ಆಪರೇಶನ್ ಆದಾಗ ವಾಂತಿ ಆಗಿತ್ತಾ?’ ತುಳುವಿನವರಿಗೆ ತುಳುವಿನಲ್ಲಿ ಬಾಯಿಮಾತಿನಲ್ಲಿ ಕೇಳಲಿ. ಒಂದು ಕಾಗದಕ್ಕೆ ಪ್ರಿಂಟ್ ಹಾಕಿ ಪಿ.ಎ.ಸಿ. ಮಾಡುವ ಮೇಜಿನ ಮೇಲೆ ಅಂಟಿಸಿದರೂ ಆಯಿತು. ಮಂಗಳೂರಿನ ಆಸ್ಪತ್ರೆಗಳಿಗೂ ಇದೇ ಮಾತು. ಕನ್ನಡದ ಊರಿನಲ್ಲಿ ಇದ್ದುಕೊಂಡು ನಮ್ಮಿಂದ ಇಂಗ್ಲಿಷಿನ ಫಾರ್ಮಿಗೆ ಸಹಿ ಹಾಕಿಸುವವರು ಅಲ್ಲೂ ಇದ್ದಾರೆ.

ಡಿಸ್ಚಾರ್ಜ್ ಕಾಗದದಲ್ಲಿ, ಇವರಿಗೆ ವಾಂತಿ ಆಗಿತ್ತು, ಇಂಥ ಔಷಧ ಕೆಲಸ ಮಾಡಲಿಲ್ಲ, ಇಂಥದ್ದು ಮಾಡಿತು ಅಂತ ಒಂದು ಗೆರೆ ಬರೆದುಕೊಡಿ ಅಂತ ನಾವೂ ಕೇಳಬೇಕು. ನಾನು ಆ ಎರಡೂ ಕಾಗದ ಇಟ್ಟುಕೊಂಡಿದ್ದೇನೆ, ರೇಶನ್ ಕಾರ್ಡಿನ ಜೊತೆ.

ಬರುವ ಸೋಮವಾರ ನಾದಿನಿಗೇ ಆಪರೇಶನ್, ಪಿತ್ತಕೋಶದ್ದು. ಅವಳು ಬಸ್ಸಲ್ಲಿ ಗಟ್ಟಿ, ಮಡಿಕೇರಿಗೆ ಹೋಗಿ ಬಂದರೂ ಏನೂ ಆಗುವುದಿಲ್ಲ. ಆದರೂ ಹೆಂಗಸು, ಬೀಡಿ ಇಲ್ಲ, ನೋವಿನ ಇಂಜೆಕ್ಷನ್ ಬೇಕಾಗಬಹುದು. ಮೂರು ಮಾರ್ಕು ಅಂತ ಒಂದು ಚೀಟಿಯಲ್ಲಿ ಬರೆದು ಅವಳ ಬ್ಯಾಗಿಗೆ ಹಾಕಿದ್ದೇನೆ. ಈ ಸಲ ಬೈಸ್ಟ್ಯಾಂಡರ್ ನಾನು. ಎರಡು ತೊಟ್ಟೆಯನ್ನೂ ಇಟ್ಟುಕೊಂಡಿದ್ದೇನೆ, ಒಂದು ನನಗೆ, ಅಲ್ಲಿಗೆ ಹೋಗುವುದು ಬಸ್ಸಿನಲ್ಲೇ ಅಲ್ವಾ.

ಇತಿ,
ನಿವೃತ್ತ ಗಣಿತ ಅಧ್ಯಾಪಿಕೆ,
ಪೆರ್ಲ, ಕಾಸರಗೋಡು ಜಿಲ್ಲೆ